ಮೂರಕ್ಕೂ ಗುರುತು

ಅಪ್ಪ,

ನೀವು ಹೋಗಿ ಆರು ವರ್ಷವಾಯಿತು. ಇವತ್ತು ಬೆಳಿಗ್ಗೆ ನಿಮ್ಮ ದನಿ ನನ್ನ ಬಾಯಿಂದ ಬಂತು.

ನಿಮ್ಮ ಮೊಮ್ಮಗಳು ಮಾರ್ಗೋ, ಶಾಲೆಯಲ್ಲಿದ್ದಾಗಲೇ ಬರೆಯುವ ಕಾಲೇಜು ಮಟ್ಟದ ಮೂರು ಎಪಿ ಪರೀಕ್ಷೆಗಳ ಫಾರಂ ಹಿಡಿದು ನಿಂತಿದ್ದಳು. "ಅಮ್ಮ, ಇತಿಹಾಸ ಒಂದೇ ಬರೀತೀನಿ. ಮೂರೂ ಅಂದ್ರೆ ಮೇ ತಿಂಗಳಲ್ಲಿ ನನ್ನ ಹೆಣ ಬಂದು ಬರೀಬೇಕಷ್ಟೆ."

"ನಿನ್ನಿಷ್ಟ," ಎಂದೆ, ಟೋಸ್ಟಿಗೆ ಬೆಣ್ಣೆ ಸವರುತ್ತಾ, ತಲೆಯೆತ್ತದೆ. ನೀವು ಪತ್ರಿಕೆಯ ಹಿಂದಿನಿಂದ ಹೇಳುತ್ತಿದ್ದ ಹಾಗೆಯೇ.

ಅವಳು ಮೂರಕ್ಕೂ ಗುರುತು ಹಾಕಿದಳು. ಹದಿನಾರನೇ ವಯಸ್ಸಿನಲ್ಲಿ, ನಿಮ್ಮ ಅದೇ ಮಾತು ಕೇಳಿ, ನಾನು ಐದಕ್ಕೆ ಹಾಕಿದ್ದೆ.

ಶಾಲೆಯ ಕಚೇರಿ ನಾಲ್ಕಕ್ಕೆ ಮುಚ್ಚುತ್ತದೆ. ಫಾರಂಗೆ ನಾನಿನ್ನೂ ಸಹಿ ಹಾಕಿಲ್ಲ. ಗೇಟಿನ ಎದುರು ಕಾರಿನಲ್ಲಿ ಕೂತು ಅವಳಿಗಾಗಿ ಕಾಯುತ್ತಿದ್ದೇನೆ; ಈ ಸಲ ಮುಖ ನೋಡಿ ಕೇಳಬೇಕು.

ನೀವು ಒಮ್ಮೆ ಪತ್ರಿಕೆ ಕೆಳಗಿಟ್ಟು ನನ್ನನ್ನು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ, ನನಗಿನ್ನೂ ಗೊತ್ತಿಲ್ಲ.