ಸೀಲು ಬೀಳದ ಪತ್ರಗಳು

ಮಾರ್ಚ್ 3, ಸೋಮವಾರ

ಎಂಟಕ್ಕೆ ಹಾಜರಿ. ಮೂವರು ತಡ. ಹೆಣೆಯುವ ಯಂತ್ರ ಎರಡು ಮತ್ತೆ ಕೈಕೊಟ್ಟಿವೆ, ಮೆಕ್ಯಾನಿಕ್ ಮುಖ ಗಂಟಿಕ್ಕಿಕೊಂಡು ಓಡಾಡುತ್ತಿದ್ದ. ಸಿಬ್ಬಂದಿ ವಿಭಾಗ ಅಂದರೆ ನಾನೊಬ್ಬನೇ. ಹಾಜರಿ, ರಜೆ... ಹಾಸ್ಟೆಲಿನ ನಲ್ಲಿ ಸೋರಿದರೂ ನಾನೇ.

ಊಟದ ಹೊತ್ತಿಗೆ ಜೋಡಿಯಮ್ಮ ಬಂದರು. ಕಾಲುಚೀಲ ಜೋಡಿಸುವ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯರು. ಕಣ್ಣು ಮುಚ್ಚಿ ಮುಟ್ಟಿದರೂ ಜೋಡಿ ತಪ್ಪುವುದಿಲ್ಲ, ಅದಕ್ಕೇ ಆ ಹೆಸರು. ಹಾಸ್ಟೆಲಿನ ಅರವತ್ತನಾಲ್ಕು ಹೆಂಗಸರ ಪರವಾಗಿ ಬಂದಿದ್ದರು. ಮತದಾರರ ಪಟ್ಟಿಗೆ ಹೆಸರು ಸೇರಬೇಕು, ವಿಳಾಸಕ್ಕೆ ಪುರಾವೆ ಬೇಕು. ಹಾಸ್ಟೆಲ್ ಕಂಪನಿಯದು, ಹಾಗಾಗಿ ಕಂಪನಿಯ ಪತ್ರವೇ ಆಗಬೇಕು.

"ಹತ್ತು ವರ್ಷದಿಂದ ಇಲ್ಲೇ ಇದೀವಿ. ಬೀದಿಗೊಂದು ದೀಪ ಹಾಕಿ ಅಂತ ಕೇಳೋಕೆ ಹೋದ್ರೆ, ನಿಮ್ಮ ಓಟು ಎಲ್ಲಿ ಅಂತಾರೆ. ಬರ್ಕೊಡಪ್ಪ."

ಆಯ್ತಮ್ಮ ಅಂದೆ. ಒಟ್ಟಿಗೆ ಸಲ್ಲಿಸುತ್ತೇನೆಂದು ಅರ್ಜಿಗಳನ್ನೂ ನಾನೇ ಇಸಿದುಕೊಂಡೆ. ಕೊನೆಯ ದಿನ ಹದಿನಾಲ್ಕು.

ಮಾರ್ಚ್ 6, ಗುರುವಾರ

ಪತ್ರಗಳು ಟೈಪ್ ಆದವು. ಸೀಲು ನನ್ನ ಮೇಜಿನಲ್ಲೇ ಇದೆ, ಸಹಿ ಮಾಡುವ ಅಧಿಕಾರವೂ ನನ್ನದೇ. ಆದರೂ ಯಜಮಾನರ ಕಿವಿಗೊಂದು ಮಾತು ಹಾಕಿರೋಣ ಎಂದು ಹೋದೆ. ಹೋಗಬಾರದಿತ್ತು.

"ರಾಜಕೀಯ ನಮಗ್ಯಾಕ್ರೀ? ನಾವು ಕಾಲುಚೀಲ ಮಾಡೋರು. ಓಟು ಬಂತು ಅಂದ್ರೆ ಗೇಟಿಗೆ ಲೀಡರುಗಳೂ ಬರ್ತಾರೆ. ಅವಸರ ಏನಿಲ್ಲ ಬಿಡಿ, ಮೊದಲು ಈ ಸಲದ ಮಾಲಿನ ಲೋಡ್ ಹೋಗ್ಲಿ."

ಬೇಡ ಎನ್ನಲಿಲ್ಲ. ಸುಮ್ಮನೆ ತಲೆಯಾಡಿಸಿ ಬಂದೆ.

ಮಾರ್ಚ್ 14, ಶುಕ್ರವಾರ. ಸಂಜೆ 4

ಲೋಡ್ ಇನ್ನೂ ಹೋಗಿಲ್ಲ. ಚುನಾವಣಾ ಕಚೇರಿ ಐದಕ್ಕೆ ಮುಚ್ಚುತ್ತದೆ. ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿ. ಸೀಲು ಒತ್ತಲು ಇನ್ನೊಂದು ಹತ್ತು ನಿಮಿಷ.

5.10 — ಮುಗಿಯಿತು. ಎರಡು ಸಲ ಎದ್ದೆ. ಎರಡು ಸಲವೂ ಕಿಟಕಿಯಾಚೆ ಯಜಮಾನರ ಕಾರು ಕಂಡಿತು, ಕೂತೆ. ಅವರು ಕಾರಿನಲ್ಲೂ ಇರಲಿಲ್ಲ. ಬರೀ ಕಾರಿಗೆ ಹೆದರಿದವನು ನಾನು.

ಏಪ್ರಿಲ್ 2, ಬುಧವಾರ

ಜೋಡಿಯಮ್ಮ ಕೇಳಿದರು. ಕೊಟ್ಟು ಬಂದಿದ್ದೇನೆ, ಕಚೇರಿಯವರದೇ ನಿಧಾನ ಅಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. "ನೀನಿದೀಯಲ್ಲ, ನಮಗ್ಯಾಕೆ ಚಿಂತೆ" ಎಂದು ಹೋದರು.

ಏಪ್ರಿಲ್ 20, ಭಾನುವಾರ

ವಾರ್ಡ್ ಚುನಾವಣೆಯ ಮತದಾನ. ಬೆಳಿಗ್ಗೆ ನಾನು, ನನ್ನ ಹೆಂಡತಿ ಹೋದೆವು. ಸಾಲಿನಲ್ಲಿ ನಮಗಿಂತ ಮುಂದೆ ಜೋಡಿಯಮ್ಮ, ಜೊತೆಗೆ ಹಾಸ್ಟೆಲಿನ ಏಳೆಂಟು ಜನ. ಎಲ್ಲರೂ ತಲೆ ಬಾಚಿ, ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಅಧಿಕಾರಿ ಪಟ್ಟಿಯನ್ನು ಎರಡು ಸಲ ತಿರುವಿ ಹಾಕಿ ನೋಡಿದ. ಯಾರ ಹೆಸರೂ ಇಲ್ಲ.

ಜೋಡಿಯಮ್ಮ ಅವನ ಜೊತೆ ಜಗಳಕ್ಕೆ ನಿಂತರು. "ನಮ್ಮ ಹುಡುಗ ತಂದ್ಕೊಟ್ಟಿದಾನೆ. ನೀವೇ ಎಲ್ಲೋ ಕಳ್ದಿದೀರ. ಅವ್ನು ಅಂಥೋನಲ್ಲ."

ಹಿಂದೆಯೇ ನಿಂತಿದ್ದೆ. ಕೇಳಿಸಿಕೊಂಡೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಸರದಿ ಬಂತು, ಹೋಗಿ ಓಟು ಹಾಕಿ ಬಂದೆ.

ದಾರಿಯಲ್ಲಿ ಇವಳು, "ಯಾಕ್ರೀ, ಮೈ ಹುಷಾರಿಲ್ವಾ?" ಬಿಸಿಲು ಅಂದೆ.

ಏಪ್ರಿಲ್ 23, ಬುಧವಾರ

ಫಲಿತಾಂಶ. ನಲವತ್ತೊಂದು ಓಟಿನ ಅಂತರ.

ಮೇ 12, ಸೋಮವಾರ

ಗೆದ್ದವನು ಮೊದಲು ಮಾಡಿದ ಕೆಲಸ, ಹಾಸ್ಟೆಲ್ ಬೀದಿಯ ಬಸ್ಸನ್ನು ತನಗೆ ಓಟು ಬಿದ್ದ ಕಡೆಗೆ ತಿರುಗಿಸಿದ್ದು. ಇದು ಆರನೇ ದಿನ. ಹೆಂಗಸರೆಲ್ಲ ಅಷ್ಟು ದೂರದ ಹಾಸ್ಟೆಲಿನಿಂದ ನಡೆದೇ ಬರುತ್ತಿದ್ದಾರೆ. ಒಂಬತ್ತೂವರೆಯವರೆಗೆ ಜೋಡಿಸುವ ಕೋಣೆ ಖಾಲಿ. ಇವತ್ತೂ ಲೋಡ್ ನಿಂತಿದೆ.

ಯಜಮಾನರು ಆಫೀಸಿನ ತುಂಬ ಕೂಗಾಡಿದರು. "ಬಸ್ ತೆಗೆದ್ರೆ ಕಾರ್ಖಾನೆ ಹೆಂಗ್ರೀ ನಡೀಬೇಕು? ಯಾರ್ರೀ ಇವನನ್ನ ಗೆಲ್ಸಿದ್ದು?"

ನಾನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. ಹಾಸ್ಟೆಲಿನವರೆಲ್ಲ ಯಾರಿಗೆ ಹಾಕುತ್ತಿದ್ದರೋ ಗೊತ್ತಿಲ್ಲ, ಇವನಿಗೇ ಹಾಕುತ್ತಿದ್ದರೇನೋ. ಆದರೆ ಅರವತ್ತನಾಲ್ಕು ಓಟಿರುವ ಬೀದಿಯ ಬಸ್ಸಿಗೆ ಕೈ ಹಾಕುವ ಮುಂಚೆ ಯಾರಾದರೂ ಒಮ್ಮೆ ಯೋಚಿಸುತ್ತಿದ್ದರು. ಆ ಯೋಚನೆಯನ್ನೇ ನಾನು ತಪ್ಪಿಸಿಬಿಟ್ಟೆ. ರಾಜಕೀಯ ನಮಗ್ಯಾಕೆ ಎಂದು ಕೂತ ಕಾರ್ಖಾನೆಗೂ ಈಗ ಅದೇ ಬಸ್ಸು ಬೇಕು.

ಮೇ 14, ಬುಧವಾರ

ಯಜಮಾನರ ಅಪ್ಪಣೆಯಂತೆ, ಬಸ್ಸು ವಾಪಸ್ ಬಿಡಿಸಿ ಎಂದು ಗೆದ್ದವನಿಗೆ ಮನವಿ ಬರೆದೆ. 'ನಿಮ್ಮ ಮತದಾರರಾದ ನಾವು...' ಹಾಸ್ಟೆಲಿನವರೆಲ್ಲ ಸಹಿ ಹಾಕಬೇಕು.

ಜೋಡಿಯಮ್ಮ ನಿಧಾನವಾಗಿ ಓದಿದರು. ಕಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದರು. "ನಾವು ಯಾರ ಮತದಾರರಪ್ಪ? ಸುಳ್ಳಿಗೆ ಹೆಂಗೆ ಸಹಿ ಹಾಕ್ಲಿ?" ಅಂದರು. ಕಾಗದ ಹಿಂದಕ್ಕೆ ಕೊಡುತ್ತ, "ನೀನು ಬೇಜಾರು ಮಾಡ್ಕೋಬೇಡ ಮಗ. ನೀನು ಮಾಡೋದೆಲ್ಲ ಮಾಡಿದೀಯ."

ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಂಜೆಯವರೆಗೂ ಆ ಕಾಗದ ಮುಂದಿಟ್ಟುಕೊಂಡು ಕೂತಿದ್ದೆ.

ಮೇ 15, ಗುರುವಾರ. ಬೆಳಿಗ್ಗೆ 9.20

ಆಫೀಸಿನಲ್ಲೇ ಬರೆಯುತ್ತಿದ್ದೇನೆ. ಇವತ್ತು ಹೇಳಿಬಿಡಬೇಕು, ಜೋಡಿಸುವ ಕೋಣೆಯಲ್ಲಿ, ಎಲ್ಲರೆದುರಿಗೆ. ಕೆಲಸ ಹೋದರೆ ಹೋಗಲಿ. ಬಾಯಿಗೆ ಬರಲೆಂದು ಇಲ್ಲಿ ಬರೆದು ನೋಡುತ್ತಿದ್ದೇನೆ. 'ಯಜಮಾನರು' ಎಂದು ಶುರು ಮಾಡಿದೆ, ಹೊಡೆದುಹಾಕಿದೆ. 'ಕಚೇರಿಯಲ್ಲಿ' ಎಂದು ಶುರು ಮಾಡಿದೆ, ಅದನ್ನೂ ಹೊಡೆದುಹಾಕಿದೆ.

ಗೇಟು ತೆರೆದ ಸದ್ದು. ಬಂದರು. ಜೋಡಿಯಮ್ಮನೇ ಮುಂದೆ, ಚಪ್ಪಲಿ ಕೈಯಲ್ಲಿ.

ಅಮ್ಮಾ, ನಾನು