ತಂತಿಗೆ ತಾಗಿದ ಮರ

ಜೂನ್ ೬, ಗುರುವಾರ

ಮುದ್ದಿನ ಗುಬ್ಬಿಗೆ ಅಕ್ಕನ ನೆನಪುಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಸರಿಸಬೇಡ. ಶಾಲೆ ಶುರುವಾಗುವ ಹೊತ್ತಲ್ಲವೇ, ಹೊಲಿಯಬೇಕಾದ ಸಮವಸ್ತ್ರದ ಬಟ್ಟೆ ಮಂಚದ ಮೇಲೂ ಕುರ್ಚಿಯ ಮೇಲೂ ಗುಡ್ಡೆ ಬಿದ್ದಿದೆ. ನಿನ್ನ ಭಾವ ಊಟಕ್ಕೆ ಕೂರಲು ಜಾಗ ಹುಡುಕುತ್ತಾ, "ನನ್ನನ್ನೂ ಮಡಚಿ ಮೂಲೇಲಿಟ್ಟುಬಿಡು" ಅಂತ ಗೊಣಗುತ್ತಾರೆ. ಅವರ ಮಂಡಿನೋವು ಹಾಗೇ ಇದೆ. ಆದರೆ ತಡವಾದದ್ದಕ್ಕೆ ಹೊಲಿಗೆ ಬರೀ ನೆಪ.

ಅಂಗಳದ ಬಾದಾಮಿ ಮರ ಹೋಯಿತು, ಗುಬ್ಬಿ. ನೀನು ಹುಟ್ಟಿದ ವರ್ಷ ಅಮ್ಮ ನೆಟ್ಟ ಮರ.

ಬೇಸಿಗೆಯ ಮೊದಲಿಗೇ ಬೀದಿ ಕಡೆಯ ಎಲೆಗಳು ಹಳದಿಯಾಗಿ ಉದುರಿದವು. ಬುಡದ ಹತ್ತಿರ ತೊಗಟೆ ಬಿರಿದು ಕಂದು ರಸ ಒಸರತೊಡಗಿತು. ಕಿವಿಯಂಥ ಅಣಬೆಗಳು ಎದ್ದವು. ನೀರು ಹಾಕಿದೆ, ಗೊಬ್ಬರ ಹಾಕಿದೆ, ಮಗುವಿಗೆ ಹೇಳುವ ಹಾಗೆ ಸಮಾಧಾನವನ್ನೂ ಹೇಳಿದೆ. ಕೊನೆಗೆ ಮರ ಕಡಿಯುವವರನ್ನು ಕರೆಸಿದೆವು. ಅವರು ಕಾಂಡಕ್ಕೆ ಕೊಡಲಿಯ ಹಿಡಿಯಿಂದ ಬಡಿದರು. ಟೊಳ್ಳು ಸದ್ದು ಬಂತು.

"ಹೋದ ವರ್ಷ ಯಾರಮ್ಮ ಇದನ್ನ ಹೀಗೆ ಕಡಿದಿದ್ದು? ಗಾಯದೊಳಗೆ ನೀರಿಳಿದು ಎಲ್ಲಾ ಕೊಳೆತಿದೆ. ಇನ್ನು ಇದು ಉಳಿಯಲ್ಲ."

ಫೋನ್ ತಂತಿಯನ್ನು ಇಳಿಸಿಕೊಡುವವರೆಗೆ ಮರ ಹತ್ತುವುದಿಲ್ಲ ಎಂದು ಅವರು ಹಟ ಹಿಡಿದರು. ಕೊಂಬೆ ಮುರಿದು ಬಿದ್ದರೆ ತಂತಿಯೂ ಹೋಗುತ್ತದೆ, ಅವರ ಕತ್ತೂ ಹೋಗುತ್ತದೆ. ಮಾರನೆಯ ದಿನ ಫೋನ್ ಕಚೇರಿಯವನು ಏಣಿ ತಂದು, ಕಂಬ ಹತ್ತಿ, ತಂತಿ ಬಿಚ್ಚಿ ಅಂಗಳಕ್ಕೆ ಇಳಿಬಿಟ್ಟ. ನಾನು ಕೇಳಿದೆ, "ನಮ್ಮ ಫೋನು ಎಷ್ಟು ಹೊತ್ತು ಬಂದಾಗಿರುತ್ತಪ್ಪ? ಗಿರಾಕಿಗಳು ಮಾಡ್ತಿರ್ತಾರೆ."

"ನಿಮ್ಮದು ಯಾಕೆ ಬಂದಾಗುತ್ತೆ? ಇದು ಹಿತ್ತಲಾಚೆ ಮನೆಯವರ ಲೈನು. ರಸ್ತೆ ಅಗಲ ಮಾಡಿದಾಗಲೇ ನಿಮ್ಮದನ್ನ ಆ ಕಡೆ ಕಂಬಕ್ಕೆ ಹಾಕಿದೀವಲ್ಲಮ್ಮ. ಆ ಕಡೆ ಒಂದು ಹುಲ್ಲುಕಡ್ಡೀನೂ ಅಡ್ಡ ಇಲ್ಲ."

ಅವನ ಮಾತು ಮುಗಿಯುವುದಕ್ಕೂ ಒಳಗೆ ನಮ್ಮ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಕಾಲಬುಡದಲ್ಲಿ ತಂತಿ ಸುರುಳಿ ಬಿದ್ದಿದೆ, ಮನೆಯೊಳಗೆ ಫೋನು ಗಂಟಲು ಹರಿಯುವಂತೆ ಕೂಗುತ್ತಿದೆ. ಯಾರೋ ಗಿರಾಕಿ, ಮಗನ ಅಂಗಿ ಆಯಿತೇ ಎಂದು ಕೇಳಿದರು. ದನಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು.

ನೀನು ಮದುವೆಯಾಗಿ ಹೋದ ಮೇಲೆ ರಸ್ತೆ ಅಗಲವಾದದ್ದು. ತಂತಿ ಬದಲಾದದ್ದು ನಿನಗೆ ಗೊತ್ತಿರಲಿಲ್ಲ. ತಲೆಯೆತ್ತಿ ನೋಡದ ನನಗೂ ಗೊತ್ತಿರಲಿಲ್ಲ.

ಹೋದ ವರ್ಷ ಅಮ್ಮ ಕಣ್ಣು ಮುಚ್ಚುವ ಮುಂಚೆ ಹಾಸಿಗೆ ಹಿಡಿದು, ಒಂದು ಸಲ ನಿನ್ನ ದನಿ ಕೇಳಬೇಕೆಂದು ಹಂಬಲಿಸುತ್ತಿದ್ದಾಗ ನೀನು ಏನು ಬರೆದಿದ್ದೆ? "ಅಕ್ಕಾ, ದಿನಾ ಮಾಡ್ತಿದೀನಿ, ಬರೀ ಗರಗರ ಸದ್ದು. ಆ ಮರ ತಂತಿಗೆ ಉಜ್ಜುತ್ತಿರಬೇಕು. ಮೊದಲು ಅದನ್ನ ಕಡಿಸು." ನಾನೇ ಮಾಡಿದರೆ ನಿನ್ನ ಮನೆಯಲ್ಲಿ ಪ್ರತಿಸಲ ನೀನು ಹೊರಗೆ ಹೋಗಿರುತ್ತಿದ್ದೆ. "ಬೇರೆಯವರಿಗೆಲ್ಲ ನಮ್ಮ ನಂಬರು ಸಿಗುತ್ತಲ್ಲೇ?" ಎಂದು ನಿನ್ನ ಭಾವ ಕೇಳಿದಾಗ ಅವರ ಮೇಲೇ ರೇಗಿದ್ದೆ. ದೂರದ ಊರಿನ ಕರೆ ಬೇರೆ ಥರ ಇರಬಹುದು, ನಿಮಗೇನು ಗೊತ್ತು ಅಂದೆ. ಸಿಕ್ಕಿದ ಕೂಲಿಯವನನ್ನು ಕರೆದು ಒಂದು ಕಡೆಯ ಕೊಂಬೆಗಳನ್ನೆಲ್ಲ ಕಡಿಸಿಬಿಟ್ಟೆ. ಆ ಗಾಯಗಳಿಂದಲೇ ಮರ ಸತ್ತದ್ದು.

ಅಮ್ಮ ನಿನ್ನ ಮದುವೆಗೆ ಬರಲಿಲ್ಲ. ಆ ಸಿಟ್ಟು ನಿನಗೆ ಇರಬೇಕಾದದ್ದೇ, ನಾನು ಬೇಡವೆನ್ನುವುದಿಲ್ಲ. ಮಾತಾಡಲು ಮನಸ್ಸಿಲ್ಲ ಅಂತ ನನ್ನ ಹತ್ತಿರ ಒಂದು ಮಾತು ಅಂದಿದ್ದರೆ ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಆಮೇಲೆ ಅಮ್ಮನಿಗೆ ಏನೋ ಒಂದು ಹೇಳಿ ನಂಬಿಸುತ್ತಿದ್ದೆ. ಅದು ನಾನು ಗೊತ್ತಿದ್ದು ಹೇಳಿದ ಸುಳ್ಳಾಗಿರುತ್ತಿತ್ತು. ನೀನು ನಿನ್ನ ಸುಳ್ಳನ್ನು ನನ್ನ ಬಾಯಲ್ಲಿಟ್ಟು, ದಿನಾ ಅವಳ ಹಾಸಿಗೆಯ ಹತ್ತಿರಕ್ಕೆ ಕಳಿಸಿದೆ. ನಾನೋ, ನಿಜವೆಂದು ನಂಬಿ ಹೊತ್ತುಕೊಂಡು ಹೋದೆ.

ಕಾರಣ ಬರೆಯಬೇಕೆಂದೇನಿಲ್ಲ. ಫೋನೂ ಮಾಡಬೇಡ, ಸದ್ಯಕ್ಕೆ ನಿನ್ನ ದನಿ ಕೇಳುವ ಶಕ್ತಿ ನನಗಿಲ್ಲ. ಮಕ್ಕಳ ಅಳತೆ ಕಳಿಸು, ಇಬ್ಬರಿಗೂ ಬಟ್ಟೆ ಹೊಲಿದಿಡುತ್ತೇನೆ. ಅವರಿಗೆ ನನ್ನ ಮುತ್ತು, ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ನಿನ್ನ ಮನೆ ತಣ್ಣಗಿರಲಿ. ಇದನ್ನು ಸಿಟ್ಟಿನಲ್ಲಿದ್ದರೂ ಮನಸಾರೆ ಬರೆದಿದ್ದೇನೆ.

ಇಂತಿ,
ನಿನ್ನ ಅಕ್ಕ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಕೊಂಬೆ ಕಡಿಸಿದ ದಿನ ಅಮ್ಮ ನನ್ನಿಂದ ತಲೆ ಬಾಚಿಸಿಕೊಂಡಳು. ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆಸಿ ಉಟ್ಟಳು. "ಫೋನಲ್ಲಿ ನೀನು ಕಾಣಿಸ್ತೀಯೇನಮ್ಮ?" ಎಂದು ರೇಗಿಸಿದೆ. "ದನಿ ಕೇಳಿದ್ರೆ ಅವಳಿಗೆ ಗೊತ್ತಾಗುತ್ತೆ" ಎಂದು ನಕ್ಕಳು. ದಿಂಬಿಗೆ ಒರಗಿಸಿ ಕೂರಿಸಿದೆ. ಫೋನನ್ನು ಮಡಿಲಲ್ಲಿಟ್ಟುಕೊಂಡು ಕತ್ತಲಾಗುವವರೆಗೂ ಹಾಗೇ ಕೂತಿದ್ದಳು. ಮಲಗಿಸುವಾಗ ನನ್ನ ಕೈ ಹಿಡಿದು, "ಗುಬ್ಬಿ ಪಾಪ, ಮಾಡ್ತಾನೇ ಇರ್ತಾಳೆ. ಇನ್ನೊಂದು ಕೊಂಬೆ ಎಲ್ಲೋ ತಾಗ್ತಿರಬೇಕು, ಸರಿಯಾಗಿ ನೋಡು" ಅಂದಳು.

ನಾನು ಅಂಗಳಕ್ಕೆ ಹೋಗಿ ನೋಡಿ ಬಂದೆ.