ಹಾಕಿರಲಿಲ್ಲ, ಇರಲಿಲ್ಲ

ಜನವರಿ 8, 2007

ಎಂಟೂಕಾಲಿಗೆ ಲ್ಯಾಬ್. ಮೆಸ್‌ನಲ್ಲಿ ಇವತ್ತೂ ಪೊಂಗಲ್. ಅರ್ಧ ಬಿಟ್ಟು ಓಡಿದೆ.

ಮಧ್ಯಾಹ್ನ ಮೈನರ್‌ನ ಮೊದಲ ಕ್ಲಾಸ್. ಮೇಜರ್ ಕಂಪ್ಯೂಟರ್ ಸೈನ್ಸ್, ಮೈನರ್ ಸೋಷಿಯಲ್ ಜಸ್ಟಿಸ್. ಸೀನಿಯರ್‌ಗಳು ಹೇಳಿದ್ದರು — ರೆಸ್ಯೂಮ್‌ನಲ್ಲಿ ಎದ್ದು ಕಾಣುತ್ತದೆ, ಪರೀಕ್ಷೆ ಇಲ್ಲ, ಬರೀ ಫೀಲ್ಡ್‌ವರ್ಕ್ ಮತ್ತು ಒಂದು ಪೇಪರ್. ಅದಕ್ಕೇ ತೆಗೆದುಕೊಂಡೆ. ಇಲ್ಲಿ ಸುಳ್ಳು ಬರೆದು ಏನಾಗಬೇಕಿದೆ.

ಹನ್ನೊಂದು ಜನ ಇದ್ದೇವೆ. ಮಂದಾಕಿನಿ ಮೇಡಂ ಪುಣೆಯವರು, ಹಿಂದಿ-ಇಂಗ್ಲಿಷ್ ಎರಡರಲ್ಲೂ ಪಾಠ. ನನ್ನ ಊರು ಕೇಳಿದರು. ಕಾರ್ಕಳ ಅಂದೆ. "ಹಾಗಾದರೆ ನಿಖಿತಾ, ನಿನಗೆ ಕನ್ನಡ ಬರುತ್ತದೆ!" ಅಂತ ಖುಷಿಪಟ್ಟರು. ಈ ತೆಲುಗು ಊರಿನ ಮಾದಾಪುರದಲ್ಲಿ ಏಳುತ್ತಿರುವ ಒಂದು ಐಟಿ ಕಟ್ಟಡದ ಲೇಬರ್ ಕ್ಯಾಂಪಿನಲ್ಲಿ ಎಲ್ಲರೂ ಗುಲ್ಬರ್ಗಾ, ರಾಯಚೂರು ಕಡೆಯವರಂತೆ. ನಾನೇ ಈ ಸಲದ ಇಂಟರ್‌ಪ್ರಿಟರ್.

ಹೆಮ್ಮೆ ಆಯಿತು. ಮನೆಯಲ್ಲಿ ಮಾತಾಡುವುದು ತುಳು. ಕನ್ನಡ ನನಗೆ ಶಾಲೆಯ ಭಾಷೆ, ಮತ್ತೆ ಈ ಡೈರಿಯದ್ದು — ರೂಮ್‌ಮೇಟ್ ವಿಜಯವಾಡದವಳು, ಓದಲು ಬಾರದು.

ಜನವರಿ 20

ಕ್ಯಾಂಪಿಗೆ ಹೋದೆವು. ತಗಡಿನ ಗೂಡುಗಳು, ಎರಡು ಸಾಲು. ಎದುರಿಗೆ ಹತ್ತು ಮಹಡಿ.

ಅವರ ಕನ್ನಡ ಅರ್ಧ ಅರ್ಥವಾಗಲಿಲ್ಲ. ನನ್ನದು ಕೇಳಿ ಅವರಿಗೆ ನಗು. ಸುಗಲಮ್ಮ ಅಂತ ಒಬ್ಬಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಮರಳು ಹೊರುತ್ತಾಳೆ. ಸೆರಗು ಬಾಯಿಗಿಟ್ಟು ನಕ್ಕಳು: "ಅಕ್ಕಾರ, ನಿಮ್ದು ಪುಸ್ತಕದಾಗಿನ ಮಾತು ಐತ್ರಿ. ರೇಡಿಯೋ ಕೇಳಿದಂಗ ಆಕ್ಕೈತಿ."

ಅವಳ ಗಂಡ ತಾಯಪ್ಪ. ಹೊರಗೋಡೆಗೆ ಪ್ಲಾಸ್ಟರ್ ಮಾಡುವವನು, ಮೇಲೆ ಕಟ್ಟಿದ ಬೊಂಬಿನ ಮೇಲೆ ನಿಂತು. ನಮ್ಮ ಸರ್ವೆ ಫಾರ್ಮಿನಲ್ಲಿ ಪ್ರಶ್ನೆ ಇತ್ತು — ಸುರಕ್ಷತಾ ಬೆಲ್ಟ್ ಕೊಟ್ಟಿದ್ದಾರೆಯೇ? ಹೌದು / ಇಲ್ಲ.

"ಅದಾವ್ರಿ ಎರಡು," ಅಂದ ತಾಯಪ್ಪ. "ನಾವು ಇಪ್ಪತ್ತು ಮಂದಿ ಅದೀವಿ. ಯಾರು ಮೊದಲ ಹೋಗ್ತಾರ ಅವರ್ಗೆ."

ಹೌದು ಅನ್ನಲೋ ಇಲ್ಲ ಅನ್ನಲೋ ತಿಳಿಯಲಿಲ್ಲ. ಹೌದಿಗೆ ಟಿಕ್ ಹಾಕಿದೆ. ಸುಗಲಮ್ಮ ಖಾರದ ಮಂಡಕ್ಕಿ ಕೊಟ್ಟಳು. ಅವರು ಅದಕ್ಕೆ ಚುರುಮುರಿ ಅನ್ನುತ್ತಾರೆ. ಕಣ್ಣಲ್ಲಿ ನೀರು ಬಂತು, ಎಲ್ಲರೂ ನಕ್ಕರು. ತಾಯಪ್ಪ ಓಡಿಹೋಗಿ ಬೆಲ್ಲ ತಂದುಕೊಟ್ಟ.

ಫೆಬ್ರವರಿ 17

ತಾಯಪ್ಪ ಬಿದ್ದ. ಎಂಟನೇ ಮಹಡಿಯಿಂದ. ಬೆಳಗ್ಗೆ ಒಂಬತ್ತಕ್ಕೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋಗಿಬಿಟ್ಟ.

ಮೇಡಂ ಫೋನ್ ಮಾಡಿ ಪೊಲೀಸ್ ಸ್ಟೇಷನ್‌ಗೆ ಕರೆದರು. ಸುಗಲಮ್ಮನ ಹೇಳಿಕೆ ಬರೆದುಕೊಳ್ಳಬೇಕು, ಅಲ್ಲಿ ಕನ್ನಡ ಯಾರಿಗೂ ಬಾರದು. ಎಸ್‌ಐ ಹಿಂದಿಯಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಹೇಳುವುದು, ಅವಳ ಉತ್ತರವನ್ನು ಮತ್ತೆ ಹಿಂದಿಗೆ. ಪಕ್ಕದಲ್ಲಿ ಕೂತ ರೈಟರ್ ಪೇದೆ ತೆಲುಗಿನಲ್ಲಿ ಬರೆದುಕೊಳ್ಳುತ್ತಿದ್ದ.

ಸುಗಲಮ್ಮ ಅಳುತ್ತಿರಲಿಲ್ಲ. ಅದೇ ಹೆದರಿಕೆ ಆಯಿತು. ಕೈಯ ಸಿಮೆಂಟ್ ಉಜ್ಜಿಕೊಳ್ಳುತ್ತಲೇ ಇದ್ದಳು.

ಹೆಸರು, ವಯಸ್ಸು, ಎಷ್ಟು ದಿನದಿಂದ ಕೆಲಸ. ಆಮೇಲೆ ಬೆಲ್ಟ್ ಹಾಕಿದ್ದನೇ ಅಂತ ಕೇಳಿದರು.

"ಬೆಲ್ಟ್ ಹಾಕಿದ್ರಾ?" ಅಂದೆ.

"ಅಂವಗ ಬೆಲ್ಟ್ ಇದ್ದಿಲ್ಲರಿ."

"ನಹೀ ಪೆಹನಾ ಥಾ," ಅಂದೆ.

ಮುಂದಿನ ಪ್ರಶ್ನೆ. ಕುಡಿದಿದ್ದನೇ? ಇಲ್ಲ. ಅರ್ಧ ಗಂಟೆಯಲ್ಲಿ ಮುಗಿಯಿತು. ಅವಳ ಹೆಬ್ಬೆಟ್ಟು ಒತ್ತಿಸಿದರು. ಬಾಗಿಲಲ್ಲಿ ನಿಂತಿದ್ದ ತಾಯಪ್ಪನ ಚಿಕ್ಕಪ್ಪನ ಮಗ ಗೊಲ್ಲಾಳಪ್ಪ ಅವಳನ್ನು ಹಿಡಿದುಕೊಂಡು ಹೋದ. ಮೇಡಂ ನನ್ನ ಭುಜ ತಟ್ಟಿ, ನೀನಿಲ್ಲದಿದ್ದರೆ ಕಷ್ಟವಾಗುತ್ತಿತ್ತು ಅಂದರು.

ರೂಮಿಗೆ ಬಂದು ಸ್ನಾನ ಮಾಡಿದೆ. ಎರಡು ಸಲ.

ಮಾರ್ಚ್ 30

ಪೇಪರ್‌ಗೆ ಎ ಗ್ರೇಡ್. ಹನ್ನೊಂದು ಜನರಲ್ಲಿ ನನಗೊಬ್ಬಳಿಗೇ. ಸುಗಲಮ್ಮ ಅದರಲ್ಲಿ 'ರೆಸ್ಪಾಂಡೆಂಟ್ 7'. ಹೆಸರು ಬರೆಯಬಾರದು, ಅದು ನಿಯಮ.

ಕ್ಯಾಂಪಿಗೆ ಹೋಗಬೇಕು ಅಂದುಕೊಳ್ಳುತ್ತೇನೆ. ಪರೀಕ್ಷೆ ಮುಗಿಯಲಿ.

ಜುಲೈ 21

ಹತ್ತಿರ ಹತ್ತಿರ ನಾಲ್ಕು ತಿಂಗಳಿಂದ ಬರೆದಿಲ್ಲ. ಪರೀಕ್ಷೆ, ಊರು, ರಜೆ… ಕ್ಯಾಂಪಿಗೆ ಹೋಗಲಿಲ್ಲ.

ಇವತ್ತು ಗೇಟಿನಿಂದ ವಾಚ್‌ಮನ್ ಫೋನ್ — ಯಾರೋ ಕೂಲಿ ಬಂದಿದ್ದಾನೆ, ನಿಮ್ಮ ಹೆಸರು ಹೇಳುತ್ತಿದ್ದಾನೆ. ಹೋದೆ. ಗೊಲ್ಲಾಳಪ್ಪ. ಒಗೆದ ಶರ್ಟ್ ಹಾಕಿಕೊಂಡು, ತಲೆ ಬಾಚಿಕೊಂಡು ಬಂದಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಸಿದ ಒಂದು ತೆಲುಗು ಕಾಗದ.

"ಅಕ್ಕಾರ, ಕೇಸ್ ಬಂದ್ ಮಾಡ್ಯಾರಂತ್ರಿ. ತೆಲುಗು ಮೇಸ್ತ್ರಿ ಕಡಿಂದ ಓದಿಸಿದೆ. ತಾಯಪ್ಪನ ಹೆಂಡತೀನ ಹೇಳ್ಯಾಳ, ಅಂವ ಬೆಲ್ಟ್ ಹಾಕ್ಕೊಂಡಿದ್ದಿಲ್ಲ ಅಂತ. ಅಂವಂದ ತಪ್ಪು, ಯಾರ ಮ್ಯಾಗೂ ಕೇಸ್ ಇಲ್ಲ ಅಂತ ಬರ್ದಾರ್ರಿ."

ಕಾಗದ ಬಿಡಿಸಿ ನೋಡಿದೆ, ಕೆಳಗೆ ಎರಡು ಸೀಲು.

"ನಮ್ಮ ಸುಗಲಮ್ಮ ಹಂಗ ಅಂದಿದ್ದಿಲ್ರಿ. ನಾ ಬಾಗಲದಾಗ ನಿಂತಿದ್ದೆ, ನನ್ನ ಕಿವಿಲೆ ಕೇಳೀನಿ. ಬೆಲ್ಟ್ ಇದ್ದಿಲ್ಲ ಅಂದ್ಳು. ಎರಡ ಬೆಲ್ಟ್, ಅವತ್ತ ಎರಡೂ ಬ್ಯಾರೇದವರು ಕಟಗೊಂಡಿದ್ರು. ಇಲ್ಲದ್ದನ್ನ ಹೆಂಗ ಹಾಕ್ಕೋತಾನ್ರಿ?" ದನಿ ತಗ್ಗಿಸಿ ಅಂದ: "ಆ ಬರಕೊಳ್ಳಾವ ಕಂತ್ರಾಟದಾರನ ಕಡಿಂದ ರೊಕ್ಕ ತಿಂದಾನ್ರಿ. ಹೌದಿಲ್ರಿ? ನೀವು ಅಲ್ಲೇ ಇದ್ರೆಲ್ಲ."

ಕಾಗದ ಮಡಿಸಿ ವಾಪಸ್ ಕೊಟ್ಟೆ.

ಇರಬಹುದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮೇಡಂಗೆ ಹೇಳುತ್ತೇನೆ ಅಂದೆ. ಅವನ ಮೊಬೈಲ್ ನಂಬರ್ ಬರೆದುಕೊಂಡೆ. ಕೈ ಮುಗಿದು ಹೋದ.

ಜುಲೈ 22

ನಿನ್ನೆಯಿಂದ ಅದೊಂದೇ. ನಹೀ ಪೆಹನಾ ಥಾ. ಹಾಕಿರಲಿಲ್ಲ. ಇರಲಿಲ್ಲ.

ಹಾಕಿರಲಿಲ್ಲ ಅಂದರೆ ಇತ್ತು, ಅವನು ಹಾಕಲಿಲ್ಲ, ತಪ್ಪು ಅವನದು. ಇರಲಿಲ್ಲ ಅಂದರೆ ಕೊಟ್ಟಿರಲಿಲ್ಲ, ತಪ್ಪು ಕೊಡದವರದು. ಹೇಳಲು ಒಂದು ಗಳಿಗೆ ಹಿಡಿಯಲಿಲ್ಲ. ಭಾಷೆ ತಿಳಿಯಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ನೋಡಿದೆ. ಸುಳ್ಳು. 'ಇದ್ದಿಲ್ಲ' ಅಂದರೆ ಇರಲಿಲ್ಲ ಅಂತ ಯಾವ ಕನ್ನಡದವಳಿಗೆ ಗೊತ್ತಾಗುವುದಿಲ್ಲ? ಎಸ್‌ಐ ಕೇಳಿದ್ದಕ್ಕೆ ಹೊಂದುವ ಉತ್ತರ ಕೊಟ್ಟೆ. ಬೇಗ ಕೊಟ್ಟೆ. ಚುರುಕು ಅನ್ನಿಸಿಕೊಳ್ಳಬೇಕಿತ್ತು.

ಇಪ್ಪತ್ತು ಜನಕ್ಕೆ ಎರಡು ಬೆಲ್ಟ್. ತಾಯಪ್ಪನೇ ಹೇಳಿದ್ದ. ನನಗೆ ಗೊತ್ತಿತ್ತು.

ಜುಲೈ 24

ಮೇಡಂಗೆ ಹೇಳಿದೆ. ಬಾಗಿಲು ಹಾಕಿ ಕೂರಿಸಿ ನೀರು ಕೊಟ್ಟರು.

ಆಮೇಲೆ — ಮೂರನೇ ವರ್ಷದ ಹುಡುಗಿಯನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ನಾನು, ಹೊಣೆ ನನ್ನದು ಅಂದರು. ಅವರಿಗೆ ಗೊತ್ತಿರುವ ವಕೀಲರಿದ್ದಾರೆ. ಕೋರ್ಟಿನಲ್ಲಿ ತಕರಾರು ಹಾಕಬಹುದು. ಸುಗಲಮ್ಮ ಪ್ರತಿ ತಾರೀಖಿಗೂ ಬರಬೇಕಾಗುತ್ತದೆ. ನಾನು ತಪ್ಪಾಗಿ ಹೇಳಿದೆ ಅಂತ ಬರೆದು ಸಹಿ ಮಾಡಿಕೊಡಬೇಕಾಗುತ್ತದೆ. "ಆಗಸ್ಟ್‌ನಲ್ಲಿ ನಿನ್ನ ಪ್ಲೇಸ್‌ಮೆಂಟ್ ಇದೆ. ಬೇಡ ಅನ್ನುತ್ತಿಲ್ಲ. ಯೋಚನೆ ಮಾಡು."

ಯೋಚನೆ ಮಾಡುತ್ತೇನೆ ಅಂದೆ.

ಆಗಸ್ಟ್ 11

ಕೆಲಸ ಸಿಕ್ಕಿತು. ಮೊದಲ ದಿನದ ಕಂಪನಿಯಲ್ಲೇ.

ಎಚ್‌ಆರ್ ರೌಂಡ್‌ನಲ್ಲಿ ಕೇಳಿದರು, ಈ ಮೈನರ್ ಯಾಕೆ? ಏನು ಕಲಿತಿರಿ? ಕ್ಯಾಂಪ್, ತಗಡಿನ ಗೂಡು, ಬಿದ್ದವನು, ಅವನ ಹೆಂಡತಿಗೆ ನಾನು ಸ್ಟೇಷನ್‌ನಲ್ಲಿ ಭಾಷೆಯಾದದ್ದು — ಎಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ದನಿ ತಾನಾಗಿ ನಿಂತಿತು. ಆ ಒಂದು ವಾಕ್ಯ ಬಿಟ್ಟು ಎಲ್ಲ. ಎದುರಿಗಿದ್ದ ಹೆಂಗಸಿನ ಕಣ್ಣು ಒದ್ದೆಯಾಗಿತ್ತು.

ಅಮ್ಮ ಫೋನಿನಲ್ಲಿ ಸಂತೋಷಕ್ಕೆ ಅತ್ತಳು. ನಾನೂ ಅತ್ತೆ. ಅದಕ್ಕಲ್ಲ.

ಆಗಸ್ಟ್ 18

ಗೊಲ್ಲಾಳಪ್ಪನಿಗೆ ಇವತ್ತು ನಾನೇ ಫೋನ್ ಮಾಡಿದೆ. ಸುಗಲಮ್ಮ ನಾಳೆ ಊರಿಗೆ ಹೊರಟಿದ್ದಾಳೆ, ಅತ್ತೆ ಕರೆದುಕೊಂಡು ಹೋಗಲು ಬಂದಿದ್ದಾಳೆ. ಲಿಂಗಂಪಲ್ಲಿಯಿಂದ ಪ್ಯಾಸೆಂಜರ್. ಅವನಿಗೆ ನಾಳೆ ಸ್ಲ್ಯಾಬ್ ಹಾಕುವ ಕೆಲಸ, ಬಿಡಲು ಹೋಗಲಾಗುವುದಿಲ್ಲ. "ನೀವರ ಹೋಗ್ರಿ ಅಕ್ಕಾರ, ಗಾಡಿ ಹತ್ತಸ್ರಿ," ಅಂದ.

ಅವನಿಗೆ ಹೇಳಲಾಗಲಿಲ್ಲ. ನಾಳೆ ಅವಳಿಗೆ ಹೇಳುತ್ತೇನೆ.

ಆಗಸ್ಟ್ 19, ಸಂಜೆ

ಹೇಳಿದೆ.

ಹನ್ನೊಂದಕ್ಕೇ ಹೋಗಿದ್ದೆ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಗಂಟುಗಳ ಮೇಲೆ ಕೂತಿದ್ದರು. ಅತ್ತೆಯ ಹೆಸರು ಗದಿಗೆಮ್ಮ, ಒಣಗಿದ ಪುಟ್ಟ ಮುದುಕಿ. ಸೊಸೆಗೆ ಬೆನ್ನು ಹಾಕಿ ಕೂತಿದ್ದಳು. ನಾನು ಯಾರೆಂದೂ ಕೇಳದೆ ನನ್ನೆದುರೇ ಶುರು ಮಾಡಿದಳು: "ಬೆಲ್ಟ್ ಹಾಕ್ಕೋ ಅಂತ ಗಂಡಗ ಒಂದ ಮಾತ ಹೇಳಾಕ ಆಗಲಿಲ್ಲ ಇಕಿಗಿ. ಊರಾಗ ಎಲ್ಲಾರೂ ಅಂತಾರ, ತಾನಽ ಮೈಮರ್ತು ಬಿದ್ದ ಅಂತ. ಕಂತ್ರಾಟದಾರನ ಮಂದಿ ಬಂದ ಹೇಳಿಹೋದ್ರು, ಅವನ ಹೆಂಡತೀನ ಹಂಗ ಬರಿಸ್ಯಾಳ ಅಂತ."

ಸುಗಲಮ್ಮ ತಲೆ ಎತ್ತಲಿಲ್ಲ. ಎಷ್ಟು ಸಲ ಕೇಳಿದ್ದಾಳೋ.

ಆಗ ಹೇಳಿದೆ. ನಿಂತುಕೊಂಡೇ. ಅವಳು ಇರಲಿಲ್ಲ ಅಂದದ್ದನ್ನು ನಾನು ಹಾಕಿರಲಿಲ್ಲ ಅಂದೆ. ಬರೆದುಕೊಂಡವನ ತಪ್ಪಿಲ್ಲ. ನನ್ನದು.

ಸುಗಲಮ್ಮ ನನ್ನನ್ನೇ ನೋಡಿದಳು. ರೈಲಿನ ಅನೌನ್ಸ್‌ಮೆಂಟ್ ಮೂರು ಭಾಷೆಯಲ್ಲಿ ಬಂದು ಹೋಯಿತು.

"ನೀವೇನ್ರಿ?" ಅಂದಳು. ಆಮೇಲೆ ಮೆಲ್ಲಗೆ: "ಕಾಗದ ಬಂದಾಗಿಂದ ನಾ ಆ ಬರಕೊಂಡ ಪೊಲೀಸಗ ಬೈಯಾಕತ್ತೀನಿ. ಅಂವನ ಹೇಂತಿ ಮಕ್ಕಳಿಗೂ ಬೈದೀನಿ…"

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

ಕೋರ್ಟು, ವಕೀಲರು, ತಾರೀಖು — ಮೇಡಂ ಹೇಳಿದ್ದೆಲ್ಲ ಹೇಳಿದೆ. ಇಲ್ಲೇ ಉಳಿಯಿರಿ, ನಾನು ಜೊತೆಗಿರುತ್ತೇನೆ ಅಂದೆ. ತಲೆ ಅಲ್ಲಾಡಿಸಿದಳು.

"ಎಲ್ಲಿ ಇರ್ಲ್ರಿ? ಕ್ಯಾಂಪಿನಾಗ ಗಂಡ ಇಲ್ಲದಾಕಿಗೆ ಖೋಲಿ ಕೊಡಂಗಿಲ್ಲ. ಕೇಸ್ ನಂಗ ಬ್ಯಾಡ. ನೀವು ಈಗ ಹೇಳಿದ್ರೆಲ್ಲ, ಅದನ್ನ ಒಂದ ಕಾಗದದಾಗ ಬರ್ದ ಕೊಡ್ರಿ. ಕನ್ನಡದಾಗ. ಊರಾಗ ಸಾಲಿ ಮಾಸ್ತರ್ ಓದ್ಲಿ, ನಾಕ ಮಂದಿ ಕೇಳ್ಲಿ."

ಗಂಟಿನ ಮೇಲೆ ನೋಟ್‌ಬುಕ್ ಇಟ್ಟು ದೊಡ್ಡ ಅಕ್ಷರದಲ್ಲಿ ಬರೆದೆ. ತಾಯಪ್ಪನಿಗೆ ಬೆಲ್ಟ್ ಕೊಟ್ಟಿರಲಿಲ್ಲ. ಅವನ ಹೆಂಡತಿ ಸರಿಯಾಗಿಯೇ ಹೇಳಿದ್ದಳು. ತಪ್ಪಾಗಿ ಹೇಳಿದವಳು ನಾನು. ಹೆಸರು, ಕಾಲೇಜು, ಸಹಿ.

ಓದಿ ಹೇಳಿದೆ. ಗದಿಗೆಮ್ಮ ಇನ್ನೊಮ್ಮೆ ಓದಿಸಿದಳು. ಕಾಗದ ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದಕ ಸಿಕ್ಕಾ ಇಲ್ಲೇನ ತಂಗಿ? ಆ ಕಾಗದಕ್ಕ ಎರಡ ಸಿಕ್ಕಾ ಇತ್ತು."

ಇಲ್ಲ ಅಂದೆ.

"ಸಿಕ್ಕಾ ಇಲ್ಲದ್ದ ಯಾರ ನಂಬ್ತಾರವಾ," ಅಂದಳು. ಸಿಟ್ಟಿನಿಂದಲ್ಲ. ಆದರೂ ಮಡಿಸಿ ತನ್ನ ಸಂಚಿಯಲ್ಲೇ ಇಟ್ಟುಕೊಂಡಳು, ಸೊಸೆಗೆ ಕೊಡಲಿಲ್ಲ. ಗಾಡಿ ಬಂದಾಗ ಸೊಸೆಯ ತಲೆಯ ಮೇಲಿನ ಗಂಟಿಗೆ ಒಂದು ಕೈ ಕೊಟ್ಟಳು. ಅಷ್ಟೇ. ಸುಗಲಮ್ಮ ಕಿಟಕಿಯಿಂದ ನನ್ನನ್ನು ನೋಡಲಿಲ್ಲ.

ಆಗಸ್ಟ್ 21

ಮೇಡಂ ಜೊತೆ ವಕೀಲರ ಹತ್ತಿರ ಹೋಗಿದ್ದೆ. ಹೆಂಡತಿಯೇ ಬರದಿದ್ದರೆ ಕೇಸು ನಿಲ್ಲುವುದು ಕಷ್ಟ ಅಂದರು. ನಿಮ್ಮ ಹೇಳಿಕೆ ಕೊಟ್ಟರೂ ಫೈಲಿನಲ್ಲಿ ಇರುತ್ತದೆ, ಅಷ್ಟೇ. ಇರಲಿ, ಬರೆದುಕೊಳ್ಳಿ ಅಂದೆ. ಟೈಪ್ ಮಾಡಿಸಿದರು, ಮೂರು ಪ್ರತಿ, ಒಂದು ಕನ್ನಡದಲ್ಲಿ. ನೋಟರಿ ದುಂಡು ಸೀಲ್ ಹೊಡೆದ. ನೀಲಿ ಮಸಿ, ಚೆನ್ನಾಗಿ ಮೂಡಿದೆ. ಸಹಿ ಮಾಡುವಾಗ ಮೇಡಂ ಕಿಟಕಿಯ ಕಡೆ ತಿರುಗಿಕೊಂಡಿದ್ದರು. ಕಂಪನಿಗೆ ತಿಳಿದರೆ ತಿಳಿಯಲಿ.

ಕನ್ನಡದ ಪ್ರತಿಯನ್ನು ಊರಿಗೆ ಕಳಿಸಬೇಕು. ಕವರ್ ತಂದು ವಿಳಾಸ ಬರೆಯಲು ಕೂತೆ. ಸುಗಲಮ್ಮ, ಗಂಡ ತಾಯಪ್ಪ…

ಊರಿನ ಹೆಸರು ಗೊತ್ತಿಲ್ಲ. ಕೇಳಿಯೇ ಇಲ್ಲ. ಫಾರ್ಮ್ ತೆಗೆದು ನೋಡಿದೆ — ಅದರಲ್ಲಿ ಜಿಲ್ಲೆ ಮಾತ್ರ ಇದೆ.

ಗೊಲ್ಲಾಳಪ್ಪನಿಗೆ ಗೊತ್ತಿರುತ್ತದೆ. ಆದರೆ ಅವನು ಇನ್ನೂ ರೈಟರ್‌ನನ್ನೇ ಕಳ್ಳ ಅಂದುಕೊಂಡಿದ್ದಾನೆ. ಗೇಟಿನಲ್ಲಿ ನಾನು ಸುಮ್ಮನಿದ್ದೆನಲ್ಲ. ಮೊದಲು ಊರು ಕೇಳಿಕೊಂಡು ಆಮೇಲೆ ಹೇಳಿದರೆ ಅದೂ ಒಂದು ಮೋಸ. ಮೊದಲು ಹೇಳಿದರೆ ಊರು ಹೇಳುತ್ತಾನೋ ಇಲ್ಲವೋ.

ಮೊದಲು ಹೇಳುತ್ತೇನೆ.

ಫೋನ್ ಹಚ್ಚಿದೆ. ಒಂದು ಸಲ ರಿಂಗ್ ಆಗಿ ಕಟ್ಟಾಯಿತು, ಕೆಲಸದ ಮೇಲಿರಬೇಕು. ಸಂಜೆ ಮತ್ತೆ

ಇಲ್ಲ, ಅವನೇ ಮಾಡುತ್ತಿದ್ದಾನೆ —